ಅಜ್ಜಿಯ ಹೆಸರೇನು?

ನಮ್ಮ ಕೂಟದ ಸ್ಮರಣ ಸಂಚಿಕೆಗೆ ನಾನು ಈ ಹಿಂದೆ ಬರೆದದ್ದೆಲ್ಲ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಇವುಗಳ ಮೇಲೆ. ಈ ಸಲ ಸಂಪಾದಕರು ಫೋನ್ ಮಾಡಿ, "ಡಾಕ್ಟ್ರೇ, ಹೋಳಿಗೆ ಊಟದ ದಿನ ಸಕ್ಕರೆ ಕಾಯಿಲೆ ಬಗ್ಗೆ ಯಾರೂ ಓದೋದಿಲ್ಲ, ಬೇರೆ ಏನಾದರೂ ಬರೀರಿ" ಅಂದರು. ಮಾತು ನಿಜವೇ. ಹಾಗಾಗಿ ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಹೆಸರಿಡುವ ಕಾರ್ಯಕ್ರಮದ ಬಗ್ಗೆ ಬರೆಯುತ್ತಿದ್ದೇನೆ. ಗಾಬರಿ ಬೇಡ, ಮಗು ಹುಟ್ಟಿಲ್ಲ. ಹೆಸರು ಬೇಕಾಗಿದ್ದದ್ದು ಕಂಪ್ಯೂಟರಿನೊಳಗಿನ ಒಂದು ಕಥೆಯ ಪಾತ್ರಗಳಿಗೆ.

ಹೈಸ್ಕೂಲಿನಲ್ಲಿರುವ ನನ್ನ ಮಗಳು ಭಾನುವಾರ ನಮ್ಮ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಮಕ್ಕಳಿಗೆ ಪುಸ್ತಕ ಕೊಟ್ಟರೆ ಆಕಳಿಸುತ್ತಾರೆ, ಆಟ ಕೊಟ್ಟರೆ ಓದುತ್ತಾರೆ ಎಂಬುದು ಅವಳು ಕಂಡುಕೊಂಡ ಸತ್ಯ. ಅದಕ್ಕೇ ಕನ್ನಡದಲ್ಲಿ ಒಂದು ಇಂಟರ್‌ಆಕ್ಟಿವ್ ಫಿಕ್ಷನ್ ಮಾಡುತ್ತೇನೆ ಎಂದು ಹೊರಟಳು. ಇದನ್ನು ನಾನು 'ಆಡುವ ಕಥೆ' ಎನ್ನುತ್ತೇನೆ. ಚಿತ್ರಗಳಿಲ್ಲ, ಬರೀ ಅಕ್ಷರ. ಕಥೆ ಸ್ವಲ್ಪ ದೂರ ನಡೆದು ನಿಲ್ಲುತ್ತದೆ. ಮುಂದೆ ಏನು ಮಾಡಬೇಕೆಂದು ನೀವು ಹೇಳಬೇಕು. ಬಾಗಿಲು ತೆರೆಯುತ್ತೀರೋ, ಬಾವಿ ಕಡೆ ಹೋಗುತ್ತೀರೋ, ಅಜ್ಜಿಯನ್ನು ಮಾತಾಡಿಸುತ್ತೀರೋ, ಅದರಂತೆ ಕಥೆ ಕವಲೊಡೆಯುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ 2018ರಲ್ಲಿ ಬಂದ 'ಬ್ಯಾಂಡರ್‌ಸ್ನ್ಯಾಚ್' ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದು ಸಿನಿಮಾ, ಇದು ಓದು, ಅಷ್ಟೇ ವ್ಯತ್ಯಾಸ.

ನನಗೂ ಇದಕ್ಕೂ ಹಳೆಯ ನಂಟು. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ 1998ರಲ್ಲಿ ರೆಸಿಡೆನ್ಸಿಗೆಂದು ಓಹಾಯೋಗೆ ಬಂದಾಗ ನನ್ನ ರೂಮ್‌ಮೇಟ್ ಬಳಿ ಒಂದು ಕಂಪ್ಯೂಟರ್ ಇತ್ತು. ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆ ಹತ್ತದಿದ್ದಾಗ ಅದರಲ್ಲಿದ್ದ 'ಅಡ್ವೆಂಚರ್' ಮತ್ತು 'ಜಾರ್ಕ್' ಆಡುತ್ತಿದ್ದೆ. ಹೊರಗೆ ಹಿಮ, ಒಳಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಅಷ್ಟು ದೂರ ಬಂದು ಒಬ್ಬಂಟಿಯಾಗಿ ಕೂತವನಿಗೆ, ಟೈಪ್ ಮಾಡಿದ್ದಕ್ಕೆ ಯಾರೋ ಉತ್ತರ ಕೊಡುತ್ತಿದ್ದಾರೆ ಎಂಬುದೇ ದೊಡ್ಡ ಸಮಾಧಾನವಾಗಿತ್ತು.

'ಅಡ್ವೆಂಚರ್' ಇಂಥ ಆಟಗಳಿಗೆಲ್ಲ ಮುತ್ತಜ್ಜ. ಅದನ್ನು 1976ರ ಸುಮಾರಿಗೆ ಬರೆದವರು ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್. ಅವರಿಗೆ ಗುಹೆ ಹೊಕ್ಕು ನಕ್ಷೆ ಬರೆಯುವ ಹುಚ್ಚು. ನಮ್ಮಲ್ಲಿ ಎಷ್ಟೋ ಮಂದಿ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿರುವ ಕೆಂಟಕಿಯ ಮ್ಯಾಮತ್ ಕೇವ್ ಇದೆಯಲ್ಲ, ಆಟದ ಗುಹೆ ಅದರದೇ ಒಂದು ಭಾಗ. ವಿಚ್ಛೇದನದ ನಂತರ, ತಮ್ಮ ಇಬ್ಬರು ಹೆಣ್ಣುಮಕ್ಕಳು ಬಂದಾಗ ಆಡಲಿ ಎಂದು ಅವರು ಅದನ್ನು ಬರೆದರಂತೆ. ಮಗಳ ಜೊತೆ ಕೂತು ಕೆಲಸ ಮಾಡುವಾಗ ನನಗೆ ಈ ಸಂಗತಿ ಪದೇ ಪದೇ ನೆನಪಾಗುತ್ತಿತ್ತು.

ಆ ಆಟದಲ್ಲಿ ಬರುವ ಕುಳ್ಳರಿಗಾಗಲಿ ಕಡಲ್ಗಳ್ಳನಿಗಾಗಲಿ ಹೆಸರಿಲ್ಲ. ಅದೃಷ್ಟ ಅನ್ನಬೇಕು. ಏಕೆಂದರೆ ಅದು ನೀವು ಟೈಪ್ ಮಾಡಿದ ಪದದ ಮೊದಲ ಐದು ಅಕ್ಷರವನ್ನಷ್ಟೇ ನೋಡುತ್ತಿತ್ತು. ಅಂದಿನ ಪಿಡಿಪಿ-10 ಕಂಪ್ಯೂಟರಿನ ನೆನಪಿನ ಒಂದು ಮನೆಯಲ್ಲಿ 36 ಬಿಟ್‌ಗಳು. ಒಂದು ಅಕ್ಷರಕ್ಕೆ ಏಳು ಬಿಟ್ ಎಂದರೆ ಐದು ಅಕ್ಷರ ಹಿಡಿಯುತ್ತದೆ, ಆರನೆಯದಕ್ಕೆ ಜಾಗವಿಲ್ಲ. 'ನಾರ್ತ್' ಮತ್ತು 'ನಾರ್ತ್‌ಈಸ್ಟ್' ಎರಡೂ ಅದಕ್ಕೆ ಒಂದೇ! ಈಶಾನ್ಯಕ್ಕೆ ಹೋಗಬೇಕಾದರೆ 'ಎನ್ಇ' ಎಂದು ಟೈಪ್ ಮಾಡಿ ಎಂದು ಆಟವೇ ಮೊದಲು ಎಚ್ಚರಿಕೆ ಕೊಡುತ್ತಿತ್ತು. ಆಮೇಲೆ ಇನ್ಫೋಕಾಮ್ ಕಂಪನಿಯ 'ಜಾರ್ಕ್' ಬಂದಾಗ ಐದು ಹೋಗಿ ಆರಾಯಿತು, 1985ರಿಂದ ಅವರ ದೊಡ್ಡ ಆಟಗಳಲ್ಲಿ ಒಂಬತ್ತಾಯಿತು.

ಈಗ ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ಈ ಐದಕ್ಷರದ ಕತ್ತರಿಗೆ ಕೊಟ್ಟು ನೋಡಿ. ಲಕ್ಷ್ಮಿ, ಲಕ್ಷ್ಮಣ, ಲಕ್ಷ್ಮೀದೇವಿ ಮೂವರೂ ಒಬ್ಬರೇ. ಕೃಷ್ಣ, ಕೃಷ್ಣಪ್ಪ, ಕೃಷ್ಣಮೂರ್ತಿ ಒಬ್ಬರೇ. ಚಂದ್ರು, ಚಂದ್ರಿಕಾ, ಚಂದ್ರಶೇಖರ ಕೂಡ ಒಬ್ಬರೇ. ನಮ್ಮ ಕೂಟದ ಸದಸ್ಯರ ಪಟ್ಟಿಯನ್ನು ಆ ಗುಹೆಯೊಳಗೆ ಕಳಿಸಿದರೆ ಅರ್ಧಕ್ಕರ್ಧ ಜನ ಒಬ್ಬರೊಳಗೊಬ್ಬರು ಕರಗಿ ಹೋಗುತ್ತಾರೆ!

ಇದು ಹಳೆಯ ಕಂಪ್ಯೂಟರಿನ ಕಥೆ, ಈಗೇನು ಎಂದು ನೀವು ಕೇಳಬಹುದು. ವೈದ್ಯನಾಗಿ ಹೇಳುತ್ತೇನೆ, ಮನುಷ್ಯನ ಕಣ್ಣು ಇನ್ನೂ ಪಿಡಿಪಿ-10ರ ಕಾಲದಲ್ಲೇ ಇದೆ. ಹೈಡ್ರಲಜೀನ್ ರಕ್ತದೊತ್ತಡದ ಮಾತ್ರೆ, ಹೈಡ್ರಾಕ್ಸಿಜೀನ್ ತುರಿಕೆಯ ಮಾತ್ರೆ. ಅವಸರದಲ್ಲಿ ಕಣ್ಣು ಮೊದಲ ನಾಲ್ಕು ಅಕ್ಷರ ನೋಡಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಇಂಥ ಜೋಡಿ ಹೆಸರುಗಳಲ್ಲಿ ಬೇರೆಯಾಗುವ ಭಾಗವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಎಂದು ಅಮೆರಿಕದ ಎಫ್‌ಡಿಎ 2001ರಲ್ಲಿ ಔಷಧಿ ಕಂಪನಿಗಳಿಗೆ ಹೇಳಿತು. ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರೆ ಫೈಲಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸುತ್ತೇವೆ. ಹೆಸರಿನ ಜೊತೆಗೆ ಹುಟ್ಟಿದ ದಿನಾಂಕವನ್ನೂ ಕೇಳದೆ ಸೂಜಿ ಚುಚ್ಚುವುದಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದುವ ನಮ್ಮ ಕನ್ನಡ ಶಾಲೆಯ ಮಕ್ಕಳೂ ಹಾಗೆಯೇ, ಮೊದಲ ಅಕ್ಷರ ಸಿಕ್ಕ ಕೂಡಲೇ ಉಳಿದದ್ದು ಊಹೆ.

ಮಗಳ ಮೊದಲ ಪಟ್ಟಿಯಲ್ಲಿ ರಾಮಣ್ಣ, ರಾಜಪ್ಪ, ರಾಧಾ, ರಾಘು ಇದ್ದರು. ನಾನು ಅಡ್ಡ ಗೆರೆ ಎಳೆದೆ. 'ಡೆಡ್‌ಲೈನ್' ಎಂಬ 1982ರ ಇನ್ಫೋಕಾಮ್ ಪತ್ತೇದಾರಿ ಆಟದ ಉದಾಹರಣೆ ಕೊಟ್ಟೆ. ಅದರಲ್ಲಿ ನೀವು ಆ ಮನೆಯವರನ್ನೂ ಬಂದುಹೋಗುವವರನ್ನೂ ವಿಚಾರಣೆ ಮಾಡಬೇಕು. ಲೆಸ್ಲಿ, ಜಾರ್ಜ್, ಬ್ಯಾಕ್ಸ್‌ಟರ್, ಡನ್‌ಬಾರ್, ರೂರ್ಕ್, ಮೆಕ್‌ನಾಬ್, ಕೋಟ್ಸ್. ನೋಡಿ, ಏಳು ಜನ, ಏಳು ಬೇರೆ ಬೇರೆ ಅಕ್ಷರ. ಹಾಗೆಂದು ಅಡ್ಡಹೆಸರು ಇಟ್ಟರೂ ಕಷ್ಟ. ಧಾರವಾಡದ ಕಡೆಯವನಾದ ನನಗೆ ಇದು ಚೆನ್ನಾಗಿ ಗೊತ್ತು. ವಾಡೆಯೊಳಗೆ ಹೋಗಿ 'ಪಾಟೀಲರನ್ನು ಕರೆಯಿರಿ' ಎಂದರೆ ತೊಟ್ಟಿಲ ಕೂಸಿನಿಂದ ಮುತ್ತಜ್ಜನವರೆಗೆ ಎಲ್ಲರೂ ಪಾಟೀಲರೇ. ಆಗ ಆಟ ನಿಮ್ಮನ್ನು 'ಯಾವ ಪಾಟೀಲರು?' ಎಂದು ಮತ್ತೆ ಮತ್ತೆ ಕೇಳುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ. ನಿಮ್ಮ ರೋಗಿಗಳಲ್ಲಿ ತಮಾಷೆಯ ಹೆಸರಿದ್ದರೆ ಕೊಡಿ ಎಂದು ಒಬ್ಬ ಹುಡುಗ ಕೇಳಿದ. ಅದು ಸಾಧ್ಯವಿಲ್ಲದ ಮಾತು, ರೋಗಿಯ ಹೆಸರು ನನ್ನ ಬಾಯಿಂದ ಊಟದ ಮೇಜಿಗೂ ಬರುವುದಿಲ್ಲ. ಕೊನೆಗೆ ಪ್ರತಿ ಪಾತ್ರಕ್ಕೂ ಬೇರೆ ಮೊದಲಕ್ಷರ ಎಂಬ ಒಪ್ಪಂದವಾಯಿತು. ಬಸವಣ್ಣೆಪ್ಪ, ಗೌರಮ್ಮ, ಸೀತಾ, ಮಧು, ಇಮಾಮ್‌ಸಾಬ್ ಹೀಗೆ.

ನಿಜವಾದ ಪೇಚಾಟ ಶುರುವಾದದ್ದು ಆಮೇಲೆ. ಮಗಳು ಬಳಸಿದ್ದು ಟ್ವೈನ್ ಎಂಬ ಸಾಫ್ಟ್‌ವೇರ್. ಕ್ರಿಸ್ ಕ್ಲೈಮಸ್ ಎಂಬವರು 2009ರಲ್ಲಿ ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡ ಅಕ್ಷರವನ್ನೂ ತಕರಾರಿಲ್ಲದೆ ತೋರಿಸುತ್ತದೆ. ಅದರಲ್ಲಿ ಆಟಗಾರ ತನ್ನ ಹೆಸರನ್ನು ಟೈಪ್ ಮಾಡಬಹುದು, ಕಥೆಯುದ್ದಕ್ಕೂ ಆ ಹೆಸರು ಬರುವ ಹಾಗೆ ಮಾಡಬಹುದು. ಇಂಗ್ಲಿಷಿನಲ್ಲಿ ಇದು ನೀರು ಕುಡಿದಷ್ಟು ಸುಲಭ. ಜಾನ್ ಆಗಲಿ ಮೇರಿ ಆಗಲಿ, ಮುಂದೆ ಒಂದು 'ಟು' ಹಾಕಿದರೆ ಮುಗಿಯಿತು. ನಮ್ಮಲ್ಲಿ ಪ್ರತ್ಯಯ ಹೆಸರಿಗೇ ಅಂಟಿಕೊಳ್ಳುತ್ತದೆ, ಅದೂ ಹೆಸರಿನ ಬಾಲ ನೋಡಿಕೊಂಡು ಅಂಟುತ್ತದೆ. ರಾಮನಿಗೆ, ಸೀತೆಗೆ, ಗುರುವಿಗೆ, ರಾಯರಿಗೆ. ಗೌರಮ್ಮ ಹೆಂಗಸಾದರೂ ಗೌರಮ್ಮನಿಗೆ. ಮಗಳು ಎಲ್ಲರಿಗೂ ಒಂದೇ 'ನಿಗೆ' ಹಚ್ಚಿದ್ದರಿಂದ ಆಟದೊಳಗೆ 'ಗುರುನಿಗೆ', 'ಸೀತಾನಿಗೆ' ಎಂದೆಲ್ಲ ಬಂದು ನನ್ನ ಹೆಂಡತಿ ಅಡಿಗೆಮನೆಯಿಂದಲೇ ನಕ್ಕಳು. ಇನ್ನು ಕ್ರಿಯಾಪದ. ಮಧು ಬಂದನೋ, ಬಂದಳೋ? ಪೋಸ್ಟ್‌ಮ್ಯಾನ್ ಬಂದನೋ, ಬಂದರೋ? ಇದರ ಮೇಲೆ ನಮ್ಮ ಮನೆಯಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. ವಯಸ್ಸಾದ ಪೋಸ್ಟ್‌ಮ್ಯಾನ್ ಆದ್ದರಿಂದ 'ಬಂದರು' ಎಂದು ತೀರ್ಮಾನವಾಯಿತು. ಆ ಅರ್ಧ ಗಂಟೆಯಲ್ಲಿ ಮಗಳು ಕಲಿತಷ್ಟು ಕನ್ನಡವನ್ನು ನಾನು ಹದಿನಾರು ವರ್ಷದಲ್ಲಿ ಕಲಿಸಿರಲಿಲ್ಲ.

ಹಾಗಾದರೆ ಆಟಗಾರನಿಗೆ ಹೆಸರೇ ಬೇಡ ಎಂದು ನಾನು ಸಲಹೆ ಕೊಟ್ಟೆ. 'ಜಾರ್ಕ್'ನಲ್ಲಿ ನಾಯಕನಿಗೆ ಹೆಸರಿಲ್ಲ. ಆ ಸರಣಿಯ 1997ರ 'ಜಾರ್ಕ್: ಗ್ರ್ಯಾಂಡ್ ಇನ್ಕ್ವಿಸಿಟರ್' ಆಟದಲ್ಲಿ ಇದನ್ನೇ ತಮಾಷೆ ಮಾಡಿ, ವಯಸ್ಸಿಲ್ಲದ, ಮುಖವಿಲ್ಲದ, ಗಂಡೋ ಹೆಣ್ಣೋ ತಿಳಿಯದ, ಯಾವ ಸಂಸ್ಕೃತಿಯೆಂದು ಹೇಳಲಾಗದ ಸಾಹಸಿ ಎಂಬರ್ಥದ ಎಂಟು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಒಂದು ಹೆಸರು ಮಾಡಿದ್ದರು. ವೀಸಾ ಫಾರಂ ಹಿಡಿದು ಸಾಲಿನಲ್ಲಿ ನಿಂತಿದ್ದ ದಿನಗಳಲ್ಲಿ ನಾನೂ ಹೆಚ್ಚುಕಡಿಮೆ ಆ ಸಾಹಸಿಯೇ ಆಗಿದ್ದೆ.

ಕನ್ನಡದಲ್ಲಿ ಒಂದು ಅನುಕೂಲವೂ ಇದೆ. 'ನೀನು ಬಂದೆ', 'ನೀನು ನೋಡಿದೆ' ಎಂದರೆ ಗಂಡು ಹೆಣ್ಣು ಭೇದ ಕಾಣುವುದಿಲ್ಲ. ಇಡೀ ಕಥೆಯನ್ನು 'ನೀನು' ಎಂದೇ ಬರೆಯಬಹುದು. ಆದರೆ ಕಥೆಯೊಳಗಿನವರು ಬಾಯಿ ತೆರೆದರೆ ಗುಟ್ಟು ರಟ್ಟು. ಅಜ್ಜಿ 'ಬಾರೋ' ಅನ್ನಬೇಕು, ಇಲ್ಲ 'ಬಾರೇ' ಅನ್ನಬೇಕು. ನಾನು ಬುದ್ಧಿವಂತನ ಹಾಗೆ 'ಕೂಸೇ' ಎಂದು ಹಾಕಿಸಿದೆ. ನಮ್ಮ ಕಡೆ ಕೂಸು ಯಾವ ಮಗುವಾದರೂ ಆದೀತು. ಕೂಟದ ಸಿರಸಿಯ ಹವ್ಯಕ ಗೆಳೆಯರೊಬ್ಬರು ಓದಿ, "ಡಾಕ್ಟ್ರೇ, ನಮ್ಮಲ್ಲಿ ಕೂಸು ಅಂದ್ರೆ ಹುಡುಗಿ, ಹುಡುಗ ಮಾಣಿ. ನನ್ನ ಮಗ ಮುನಿಸ್ಕೊಳ್ತಾನೆ" ಅಂದರು. ಕಡೆಗೆ 'ಮರಿ' ಎಂದಾಯಿತು. ನನ್ನ ಅವ್ವ ಯಾರನ್ನೂ ಮರಿ ಎಂದು ಕರೆದದ್ದನ್ನು ನಾನು ಕೇಳಿಲ್ಲ, ಆದರೂ ಒಪ್ಪಿಕೊಂಡೆ.

ಹೌದು, ಕಥೆಯ ಅಜ್ಜಿ ನನ್ನ ಅವ್ವನೇ. ಕಥೆ ಇಷ್ಟು. ಒಂದು ಮಗು ರಜೆಗೆ ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿ ಬಸ್ಸಿಳಿಯುತ್ತದೆ. ಅಜ್ಜಿಯ ಕೋಣೆಯಲ್ಲಿ ಒಂದು ಟ್ರಂಕು, ಅದರ ಕೀಲಿಕೈ ಕಳೆದಿದೆ. ಊರವರನ್ನು ಮಾತಾಡಿಸಿ ಅದನ್ನು ಹುಡುಕಬೇಕು. ಅವ್ವ ತೀರಿಕೊಂಡು ಆರು ವರ್ಷವಾಯಿತು. ಆ ಟ್ರಂಕು ಈಗ ನನ್ನ ಅಣ್ಣನ ಮನೆಯ ಅಟ್ಟದ ಮೇಲಿದೆ.

ಮಗಳ ನೋಟ್‌ಬುಕ್ಕಿನಲ್ಲಿ ಪ್ರತಿ ಪಾತ್ರದ ಎದುರಿಗೂ ಹೆಸರು ಬರೆದಿತ್ತು. 'ಅಜ್ಜಿ' ಎಂಬುದರ ಎದುರಿಗೆ ಮಾತ್ರ ಖಾಲಿ. ಒಂದು ರಾತ್ರಿ ಕೇಳಿದಳು, "ಅಪ್ಪಾ, ಅಜ್ಜಿ ಹೆಸರೇನು?"

ಹತ್ತು ವರ್ಷ ಶನಿವಾರ ಶನಿವಾರ ಫೋನಿನಲ್ಲಿ ಮಾತಾಡಿದ ಅಜ್ಜಿ. ಬೇಸಿಗೆಯಲ್ಲಿ ಹೋದಾಗ ಪಕ್ಕದಲ್ಲೇ ಮಲಗುತ್ತಿದ್ದ ಅಜ್ಜಿ. ಹೆಸರು ಗೊತ್ತಿಲ್ಲ. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಯಾರು ಆ ಹೆಸರು ಕರೆದಿದ್ದಾರೆ ಅವಳಿಗೆ ಗೊತ್ತಾಗಲು? ನಾವು ಅವ್ವ ಎಂದೆವು, ಸೊಸೆಯರು ಅತ್ತೆ ಎಂದರು, ಓಣಿಯವರಿಗೆ ಮಾಸ್ತರ ಮನೆಯವರು. ಅಪ್ಪ 'ಏ, ಕೇಳಿಸ್ತದೇನು' ಎನ್ನುತ್ತಿದ್ದರು. ಅವ್ವನೂ ಅಪ್ಪನ ಹೆಸರು ಹೇಳಿದವಳಲ್ಲ. ಮದುವೆ ಮುಂಜಿವೆಗಳಲ್ಲಿ ಒಡಪು ಕಟ್ಟಿ ಹೇಳುವಾಗ ಬಂದಿದ್ದಿರಬೇಕು, ಅಷ್ಟೇ. ಜನಗಣತಿಯವರು ಬಂದಾಗ ಬಾಗಿಲ ಮೇಲಿನ ಬೋರ್ಡು ತೋರಿಸುತ್ತಿದ್ದಳು. ಆಟದಲ್ಲಿ ಇದನ್ನೂ ಹಾಕಿದ್ದೇವೆ. 'ಅಜ್ಜನ ಹೆಸರೇನು ಎಂದು ಅಜ್ಜಿಯನ್ನು ಕೇಳು' ಎಂದು ಒತ್ತಿದರೆ ಅಜ್ಜಿ ನಗುತ್ತಾಳೆ, ಉತ್ತರ ಬರುವುದಿಲ್ಲ. ಪ್ರೋಗ್ರಾಮ್ ಕೆಟ್ಟಿದೆ ಎಂದು ಇಬ್ಬರು ಮಕ್ಕಳು ಈಗಾಗಲೇ ದೂರು ಕೊಟ್ಟಿದ್ದಾರೆ.

ನಾನು ಅವ್ವನ ಹೆಸರು ಹೇಳಿದೆ. ಪೆನ್ಶನ್ ಪಾಸ್‌ಬುಕ್ಕಿನಲ್ಲಿ, ರೇಷನ್ ಕಾರ್ಡಿನಲ್ಲಿ, ಆಸ್ಪತ್ರೆಯ ಕೊನೆಯ ಚೀಟಿಯಲ್ಲಿ ಇದ್ದ ಹೆಸರು. ಮಗಳು ಬರೆದುಕೊಂಡಳು. ಟ್ರಂಕಿನ ಬಣ್ಣ ಯಾವುದಿತ್ತು ಎಂದು ಕೇಳಲು ಮರುದಿನ ಧಾರವಾಡಕ್ಕೆ, ಸೋದರಮಾವನಿಗೆ ಫೋನ್ ಮಾಡಿದೆ. ಮಾವ ಅವ್ವನ ತಮ್ಮ, ಎಂಬತ್ತು ದಾಟಿದವರು. ಮಾತಿನ ನಡುವೆ, ಮೊದಲಿನಿಂದಲೂ ಕರೆಯುತ್ತಿದ್ದ ಹಾಗೆ, ಅವ್ವನನ್ನು ಬೇರೊಂದು ಹೆಸರಿಗೆ 'ಅಕ್ಕ' ಸೇರಿಸಿ ಹೇಳಿದರು. ಅದು ತವರಿನ ಮುದ್ದಿನ ಹೆಸರೆಂದೇ ನಾನು ತಿಳಿದಿದ್ದೆ. "ಮಾಮಾ, ಆ ಹೆಸರು ಹ್ಯಾಂಗ ಬಂತು?" ಎಂದೆ.

"ಹ್ಯಾಂಗ ಬಂತು ಅಂದ್ರ? ಅದು ಆಕೀ ಖರೇ ಹೆಸರಪಾ. ತೊಟ್ಟಿಲದಾಗ ಇಟ್ಟದ್ದು. ಹದಿನೇಳು ವರ್ಷ ಅದಕ್ಕ ಓ ಅಂದಾಳ. ಮದಿವ್ಯಾಗ ನಿಮ್ಮ ಮನಿಯವರು ಬದಲೀ ಮಾಡಿದ್ರು. ನಾ ಮಾತ್ರ ಬಿಡಲಿಲ್ಲ."

ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವ ಪದ್ಧತಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿತ್ತು, ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ನನ್ನ ಅವ್ವನಿಗೂ ಆಗಿರಬಹುದು ಎಂದು ಹೊಳೆದೇ ಇರಲಿಲ್ಲ. ದಿನಾ ನೂರು ಸಲ ರೋಗಿಗಳಿಗೆ ಪೂರ್ಣ ಹೆಸರು ಹೇಳಿ ಎನ್ನುವವನು ನಾನು. ಐವತ್ತು ವರ್ಷ ದಾಟಿದ ಮೇಲೆ, ಅವ್ವ ಹೋದ ಮೇಲೆ, ಒಂದು ಕಂಪ್ಯೂಟರ್ ಆಟದ ದೆಸೆಯಿಂದ ಅವಳ ಹೆಸರು ತಿಳಿಯಿತು. ಆ ದಿನ ಕ್ಲಿನಿಕ್ಕಿಗೆ ತಡವಾಗಿ ಹೋದೆ.

ಮಗಳಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಯಾವುದನ್ನು ಹಾಕಲಿ?" ಎಂದಳು. ನನಗೆ ಆಗ ನೆನಪಾದದ್ದು 'ಜಾರ್ಕ್'ನ ಒಂದು ಕೋಣೆ. ಅಲ್ಲಿ ಒಕ್ಕಣ್ಣಿನ ದೈತ್ಯ ದಾರಿಗೆ ಅಡ್ಡ ನಿಂತಿರುತ್ತಾನೆ. ಅವನ ಮುಂದೆ 'ಯುಲಿಸಿಸ್' ಎಂದು ಟೈಪ್ ಮಾಡಿದರೆ, ತನ್ನ ಅಪ್ಪನ ವೈರಿಯ ಹೆಸರು ಕೇಳಿ ಗೋಡೆ ಒಡೆದುಕೊಂಡು ಓಡಿಹೋಗುತ್ತಾನೆ. 'ಒಡಿಸ್ಸಿಯಸ್' ಎಂದರೂ ನಡೆಯುತ್ತದೆ. ಒಂದು ಗ್ರೀಕ್ ಹೆಸರು, ಇನ್ನೊಂದು ರೋಮನ್, ಇಬ್ಬರೂ ಒಬ್ಬನೇ ಎಂದು ಆಟಕ್ಕೆ ಗೊತ್ತು. ನಾನು ಆ ಕೋಣೆಯಲ್ಲಿ ಮೂರು ರಾತ್ರಿ ಸಿಕ್ಕಿಕೊಂಡಿದ್ದೆ.

ಮಗಳಿಗೆ ಕಥೆ ಹೇಳಿದ್ದಷ್ಟೇ, ಉಳಿದದ್ದು ಅವಳದೇ ಕೆಲಸ. ಆಟದಲ್ಲಿ ಈಗ ಕೀಲಿಕೈ ಇಲ್ಲ. ಊರೆಲ್ಲ ಸುತ್ತಿ, ಪೋಸ್ಟ್‌ಮ್ಯಾನ್ ಹತ್ತಿರ, ಇಮಾಮ್‌ಸಾಬರ ಹತ್ತಿರ, ಕೊನೆಗೆ ಅಜ್ಜಿಯ ತಮ್ಮನ ಹತ್ತಿರ ಮಾತಾಡಿ, ಅಜ್ಜಿಯ ಹುಟ್ಟು ಹೆಸರನ್ನು ಕಂಡುಹಿಡಿಯಬೇಕು. ಅದನ್ನು ಟೈಪ್ ಮಾಡಿದರೆ ಅಜ್ಜಿ ಹಿತ್ತಲಿಂದ "ಓ" ಅನ್ನುತ್ತಾಳೆ, ಬಂದು ಟ್ರಂಕು ತೆರೆಯುತ್ತಾಳೆ. ಮದುವೆಯ ನಂತರದ ಹೆಸರು ಹಾಕಿದರೂ ಬರುತ್ತಾಳೆ, ಊಟ ಬಡಿಸುತ್ತಾಳೆ, ಟ್ರಂಕು ಮಾತ್ರ ತೆರೆಯುವುದಿಲ್ಲ. ಈ ಎರಡನೆಯ ಭಾಗ ನನಗೆ ತೋಚಿರಲಿಲ್ಲ. ಹೆಸರುಗಳನ್ನು ಇಲ್ಲಿ ಬರೆದರೆ ಆಟ ಕೆಡುತ್ತದೆ, ಕ್ಷಮಿಸಿ.

ಯುಗಾದಿ ಊಟದ ದಿನ ಲ್ಯಾಪ್‌ಟಾಪ್ ಇಟ್ಟು ಮಕ್ಕಳಿಂದ ಆಡಿಸಿ ನೋಡಿದೆವು. ಕನ್ನಡ ಕೀಬೋರ್ಡ್ ಬರದ ಮಕ್ಕಳು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರಾದ್ದರಿಂದ ಒಂದೇ ಹೆಸರನ್ನು ಏಳು ತರಹದ ಸ್ಪೆಲಿಂಗಿನಲ್ಲಿ ಒಪ್ಪಿಕೊಳ್ಳುವ ಹಾಗೆ ಮಾಡಿದ್ದೆವು, ಎಂಟನೆಯದು ಅಂದೇ ಸಿಕ್ಕಿತು. ಅಷ್ಟರಲ್ಲಿ ಎಂಟು ವರ್ಷದ ಒಬ್ಬ ಹುಡುಗಿ, ಊರು ಸುತ್ತುವ ಗೋಜಿಗೆ ಹೋಗದೆ, ನೇರವಾಗಿ ಪೆಟ್ಟಿಗೆಯಲ್ಲಿ ತನ್ನ ಸ್ವಂತ ಅಜ್ಜಿಯ ಹೆಸರು ಟೈಪ್ ಮಾಡಿದಳು. ಆಟ ಉತ್ತರ ಕೊಟ್ಟಿತು: 'ಆ ಹೆಸರಿನವರು ಇಲ್ಲಿ ಯಾರೂ ಇಲ್ಲ.' ಹಿಂದೆ ನಿಂತಿದ್ದ ಅವಳ ತಾಯಿಯ ಮುಖ ನೋಡಿದೆ. ಆ ಅಜ್ಜಿ ಹೋಗಿ ಎರಡು ತಿಂಗಳಾಗಿತ್ತು, ಇವರಿಗೆ ಟಿಕೆಟ್ ಸಿಕ್ಕಿ ಹೋಗಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಸ್ಪತ್ರೆಯಲ್ಲಿ ಎಷ್ಟೋ ಸಲ ಎಷ್ಟೋ ಜನಕ್ಕೆ ಅದೇ ಅರ್ಥದ ಮಾತನ್ನು ನಾನು ಹೇಳಿದ್ದೇನೆ, ಹೇಳುವ ಮೊದಲು ಕುರ್ಚಿ ಎಳೆದು ಕೂಡುತ್ತೇನೆ. ಆ ಸಾಲನ್ನು ಬರೆಯುವಾಗ ಮಾತ್ರ ನಾವಿಬ್ಬರೂ ಯೋಚಿಸಿರಲಿಲ್ಲ.

ಮಗಳು ಆ ರಾತ್ರಿಯೇ ಸಾಲು ಬದಲಿಸಿದಳು. ಈಗ ಬೇರೆ ಹೆಸರು ಹಾಕಿದರೆ ಬಾಗಿಲ ಕಟ್ಟೆಯ ಮೇಲೆ ಕೂತ ಗೌರಮ್ಮ, 'ಆ ಹೆಸರು ನಾ ಕೇಳಿಲ್ಲ. ಯಾರವರು, ಯಾವ ಊರು? ಹೇಳು, ಕೇಳ್ತೀನಿ' ಅನ್ನುತ್ತಾಳೆ. ಕೆಳಗೆ ಬರೆಯಲು ಒಂದಿಷ್ಟು ಜಾಗವಿದೆ. ಬರೆದದ್ದನ್ನು ಯಾರೂ ತಿದ್ದುವುದಿಲ್ಲ, ಅಂಕ ಕೊಡುವುದಿಲ್ಲ.

ಈ ಹಬ್ಬದ ದಿನ ಪುಸ್ತಕದ ಮೇಜಿನ ಪಕ್ಕ, ಕಾಫಿ ಕೊಡುವ ಜಾಗಕ್ಕೆ ಎದುರಾಗಿ ಲ್ಯಾಪ್‌ಟಾಪ್ ಇಟ್ಟಿರುತ್ತೇವೆ. ಮಕ್ಕಳನ್ನು ಕೂರಿಸಿ. ಸ್ಪೆಲಿಂಗಿನ ಒಂಬತ್ತನೆಯ ರೀತಿ ಯಾರಿಗಾದರೂ ಸಿಕ್ಕರೆ ದಯವಿಟ್ಟು ಒಂದು ಚೀಟಿಯಲ್ಲಿ ಬರೆದು ನನ್ನ ಮಗಳ ಕೈಗೆ ಕೊಡಿ, ನನಗೆ ಹೇಳಿದರೆ ಮರೆಯುತ್ತೇನೆ.